ಗುಡುಗಣ್ಣನ ಜನರೇಟರ್

ನಮ್ಮ ಕಾಲೇಜಿನ ಗಾಯನ ತಂಡಕ್ಕೆ ವಾದ್ಯವೂ ಬೇಡ, ಹಾಡೂ ಬೇಡ. ನಾವು ಬಾಯಲ್ಲೇ ಯಂತ್ರಗಳನ್ನು ಹಾಡುತ್ತೇವೆ. ನಾನು ಲಿಫ್ಟು, ನನ್ನ ತಂಗಿ ಹೊಲಿಗೆ ಯಂತ್ರ, ದಪ್ಪ ದನಿಯ ಗುಡುಗಣ್ಣ ಡೀಸೆಲ್ ಜನರೇಟರ್. ಪ್ರೇಮಗೀತೆ ಹಾಡುವವರು ಬೀದಿಗೊಬ್ಬರಿದ್ದಾರೆ. ಅದಕ್ಕೆ ನಾವೂ ಯಾಕೆ?

ವಾರ್ಷಿಕೋತ್ಸವದಲ್ಲಿ ಗುಡುಗಣ್ಣ ಶುರುಮಾಡಿದ್ದೇ ತಡ, ಕರೆಂಟು ಹೋಯಿತು.

"ಜನರೇಟರ್ ಹಾಕಯ್ಯಾ!" ಪ್ರಿನ್ಸಿಪಾಲರು ಕೂಗಿದರು.

"ಆಗ್ಲೇ ಓಡ್ತಿದೆ ಸಾರ್, ಕೇಳಿಸ್ತಿಲ್ವಾ?" ಎಂದ ಎಲೆಕ್ಟ್ರಿಷಿಯನ್.

ಇನ್ನೇನು ಲೈಟು ಬರುತ್ತದೆಂದು ಜನ ಕತ್ತಲಲ್ಲೇ ನೆಮ್ಮದಿಯಾಗಿ ಕೂತರು. ನಿಲ್ಲಿಸಿದರೆ ಜನರೇಟರ್ ಕೆಟ್ಟಿತೆಂದು ಗಲಾಟೆಯಾದೀತೆಂದು ಗುಡುಗಣ್ಣ ನಿಲ್ಲಿಸಲಿಲ್ಲ. ಬರಬರುತ್ತ ಅವನ ದನಿ ಕುಗ್ಗಿತು.

"ಡೀಸೆಲ್ ಮುಗೀತಾ ಬಂತು" ಎಂದು ಗೊಣಗುತ್ತ ಎಲೆಕ್ಟ್ರಿಷಿಯನ್ ಕ್ಯಾನು ಹಿಡಿದು, ಸದ್ದಿನ ಜಾಡಲ್ಲೇ ವೇದಿಕೆ ಹತ್ತಿದ. ಗುಡುಗಣ್ಣನ ಮುಖ ತಡವಿ, ಸಿಕ್ಕಿದ ಮೂಗನ್ನೇ ಮುಚ್ಚಳವೆಂದು ತಿರುಗಿಸಿದ.

ಗುಡುಗಣ್ಣ ಅಪ್ಪಟ ಕಲಾವಿದ. 'ಅಯ್ಯೋ' ಎನ್ನಲಿಲ್ಲ, ಜನರೇಟರಿನಂತೆಯೇ ಕೆಮ್ಮಿ, ತಡವರಿಸಿ, ನಿಂತುಹೋದ.

"ಥೂ, ಇದರ ಹಣೆಬರಹ!" ಎಂದು ಎಲೆಕ್ಟ್ರಿಷಿಯನ್ ಜಾಡಿಸಿ ಒಂದು ಒದೆ ಕೊಟ್ಟ.

ಗುಡುಗಣ್ಣ ಮತ್ತೆ ಶುರುವಾದ. ಅದೇ ಕ್ಷಣಕ್ಕೆ ಲೈಟೂ ಬಂತು.

ಅಂದಿನಿಂದ ಕರೆಂಟು ಹೋದಾಗಲೆಲ್ಲ, ಒದೆಯಲು ಗುಡುಗಣ್ಣನನ್ನು ಹುಡುಕಿಕೊಂಡು ಇಡೀ ಕಾಲೇಜೇ ಬರುತ್ತದೆ.