ಕ್ರೋಮ್ ತೊಟ್ಟಿಯ ಮದ್ದು

ಮಿಂಚಣ್ಣನಿಗೆ ಆ ಹೆಸರು ಬಂದದ್ದು ಮುಖದ ಕಳೆಯಿಂದಲ್ಲ ಬಿಡಿ. ಮುಖ ನೋಡಿದರೆ ಸುಟ್ಟ ಬದನೆಕಾಯಿ. ನಲ್ಲಿ, ಬಾಗಿಲ ಹಿಡಿಕೆ, ಸೈಕಲ್ ಹ್ಯಾಂಡಲ್ಲು, ಏನು ಕೊಟ್ಟರೂ ಕಾರ್ಖಾನೆಯಲ್ಲಿ ಹೊಳಪಿನ ಲೇಪ ಹಿಡಿಸುವ ಕ್ರೋಮ್ ತೊಟ್ಟಿಯಲ್ಲಿ ಮುಳುಗಿಸಿ ಥಳಥಳ ಅನ್ನಿಸಿ ಕೊಡುತ್ತಿದ್ದ, ಅದಕ್ಕೆ ಮಿಂಚಣ್ಣ. ಅವನಿಗೂ ಸಕ್ಕರೆ ಕಾಯಿಲೆ, ಹೆಂಡತಿಗೂ ಸಕ್ಕರೆ ಕಾಯಿಲೆ. "ನಾವಿಬ್ರೂ ಒಪ್ಪಿಕೊಂಡಿದ್ದು ಇದೊಂದೇ ವಿಷಯ" ಎಂದು ಅವಳು ನಗುತ್ತಿದ್ದಳು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ ಅವಳ ಹಿಮ್ಮಡಿಯೆಲ್ಲ ಬಿರುಕು ಬಿಟ್ಟಿತ್ತು.

ಒಂದು ಭಾನುವಾರ ಅವಳ ತಮ್ಮ ಊಟಕ್ಕೆ ಬಂದ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವವನು, ಅರ್ಧ ಡಾಕ್ಟರ್ ಎಂಬ ಜಂಬ ಬೇರೆ.

"ಭಾವ, ಸಕ್ಕರೆ ಇರೋರ ಮೈಯಿಂದ ಕ್ರೋಮಿಯಂ ಉಚ್ಚೇಲಿ ಸೋರಿ ಹೋಗುತ್ತಂತೆ. ಅದು ಕಮ್ಮಿಯಾದ್ರೆ ಇನ್ಸುಲಿನ್ ನೆಟ್ಟಗೆ ಕೆಲಸ ಮಾಡಲ್ವಂತೆ. ನಮ್ಮಂಗಡೀಲಿ ಮಾತ್ರೆ ಬಂದಿದೆ, ತರ್ಲಾ?"

"ಲೋ, ಕ್ರೋಮ್ ತೊಟ್ಟಿ ಪಕ್ಕದಲ್ಲೇ ಕೂದಲು ಬೆಳ್ಳಗಾಯ್ತು. ನನಗೇ ಕ್ರೋಮ್ ಮಾರೋಕೆ ಬಂದ್ಯಾ?"

ಎಲ್ಲರೂ ನಕ್ಕರು. ಆದರೆ ಹಾಳು ಮಾತು ಮಿಂಚಣ್ಣನ ತಲೆಯಲ್ಲಿ ಕೂತುಬಿಟ್ಟಿತು. ತೊಟ್ಟಿಯ ಸಂಗತಿ ಅವನಿಗೆ ಗೊತ್ತಿಲ್ಲದ್ದೇ? ಮಾಲು ಅದ್ದಿದಷ್ಟೂ ಕ್ರೋಮ್ ತೀರುತ್ತದೆ, ಹೊಳಪು ಮಂಕಾಗುತ್ತದೆ, ಇನ್ನಷ್ಟು ಸುರಿದರೆ ಮತ್ತೆ ಸರಿಹೋಗುತ್ತದೆ. ಮೈಯೂ ಒಂದು ತೊಟ್ಟಿಯೇ. ಸೋರುತ್ತಿದ್ದರೆ ತುಂಬಬೇಕು, ಅಷ್ಟೇ ತಾನೆ! ಇಷ್ಟು ಸಣ್ಣ ವಿಷಯ ತಮ್ಮಿಬ್ಬರ ಸಕ್ಕರೆ ನೋಡುವ ಆಸ್ಪತ್ರೆಯ ಡಾಕ್ಟರಮ್ಮನಿಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಮರುಕವೇ ಬಂತು.

ಮರುದಿನದಿಂದ ಕೈಗವಸು ಮೂಲೆ ಸೇರಿತು. ತೂತು ಬಿದ್ದ ಬೂಟು ಬದಲಾಯಿಸು ಎಂದು ಜೊತೆ ಕೆಲಸದವರು ಹೇಳಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ, ಕ್ರೋಮ್ ನೀರು ಒಳಗೆ ಇಳಿದಷ್ಟೂ ಒಳ್ಳೆಯದೇ ಎಂದುಕೊಂಡ. ಕುಡಿಯುವಷ್ಟು ದಡ್ಡನೇನಲ್ಲ, ತೊಟ್ಟಿಯ ನೀರು ಬಟ್ಟೆಯನ್ನೇ ಸುಡುತ್ತದೆಂದು ಬಲ್ಲ. ಆದರೆ ಮಾಲು ತೊಳೆಯುವ ಪಕ್ಕದ ತೊಟ್ಟಿಯ ನೀರು ತಿಳಿ ಹಳದಿ, ಅದೇನು ಮಾಡೀತು? ಅದನ್ನೇ ಕ್ಯಾನಿನಲ್ಲಿ ತುಂಬಿ ಹೆಂಡತಿಗೂ ತಂದ.

ಸಂಜೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದಲ್ಲಿ ಕೂತು, ಕ್ಯಾನಿನ ನೀರು ಸುರಿದ ಟಬ್ಬಿನಲ್ಲಿ ಅವಳ ಪಾದ ಇಳಿಸಿದ. ಬೆರಳು ಬೆರಳು ಬಿಡಿಸಿ ಉಜ್ಜಿದ.

"ಏನ್ರೀ ಇದು, ಯಾರಾದ್ರೂ ನೋಡಿದ್ರೆ!"

"ನೋಡ್ಲಿ ಬಿಡೇ. ಉರಿಯುತ್ತಾ?"

"ಇಲ್ಲಪ್ಪ. ಏನೂ ಗೊತ್ತೇ ಆಗ್ತಿಲ್ಲ."

ಮದುವೆಯಾದಂದಿನಿಂದ ಒಂದು ಲೋಟ ನೀರು ತಂದುಕೊಟ್ಟ ಗಂಡಸಲ್ಲ ಅವನು. ದಿನಾ ಸಂಜೆ ಆ ಟಬ್ಬು ಹೊರಬರುತ್ತಿತ್ತು. ಆ ಹೊತ್ತಿಗೆ ಅವಳು ತಲೆ ಬಾಚಿಕೊಂಡು ಕಾಯುತ್ತಿದ್ದಳು.

ಮೊದಲು ವಾಸನೆ ಹಿಡಿದವಳು ಅವಳೇ, ಅವನ ಕಾಲಿನದು. ಬಲಗಾಲಿನ ಅಂಗಾಲಲ್ಲಿ ಡ್ರಿಲ್ ಹಾಕಿದ ಹಾಗೆ ದುಂಡನೆಯ ತೂತು. ಬೈದು, ಎಳೆದುಕೊಂಡು ಆಸ್ಪತ್ರೆಗೆ ಬಂದಳು.

"ನೋವೇ ಇರ್ಲಿಲ್ಲ ಡಾಕ್ಟರಮ್ಮ" ಎಂದ ಮಿಂಚಣ್ಣ.

"ಸಕ್ಕರೆ ನಿಮ್ಮ ಕಾಲಿನ ನರಗಳನ್ನ ಸಾಯಿಸಿದೆ. ಇನ್ನೆಲ್ಲಿಂದ ನೋವಾಗುತ್ತೆ? ಕೊಳೆತದ್ದು ಮೂಳೆಗೆ ಹೋಗಿದೆ. ಮಂಡಿ ಕೆಳಗೆ ತೆಗೀಲೇಬೇಕು."

ಅವನು ಹೆದರಿ, ಇದ್ದದ್ದೆಲ್ಲ ಬಾಯಿಬಿಟ್ಟ. ಸೋರುವುದು, ತುಂಬುವುದು, ಬೂಟು, ಎಲ್ಲ. ಹೆಂಡತಿಗೆ ತಂದ ಕ್ಯಾನಿನ ಮಾತು ಮಾತ್ರ ಎತ್ತಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ನಿಮ್ಮ ಬಾಮೈದ ಹೇಳಿದ್ದು ಪೂರ್ತಿ ಸುಳ್ಳಲ್ಲ. ಉಚ್ಚೇಲಿ ಹೋಗುತ್ತೆ, ನಿಜ. ಆದ್ರೆ ಅದು ಊಟದಲ್ಲಿ ಸಿಗೋದು, ಮೈಗೆ ಚೂರೇ ಚೂರು ಸಾಕು. ಅದನ್ನ ತುಂಬಿದ್ರೂ ಸಕ್ಕರೆ ಇಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಿಮ್ಮ ತೊಟ್ಟೀದು ಬೇರೇನೇ, ಚರ್ಮ ತಿನ್ನೋ ವಿಷ. ಹೆಸರೊಂದೇ ಅಷ್ಟೆ."

ಒಂದು ಕಾಲು ಹೋದರೆ ಹೋಗಲಿ, ಸ್ಟೂಲಿನ ಮೇಲೆ ಕೂತು ಮಾಲು ಉಜ್ಜಿಯೇನು ಎಂದು ಅವನು ತನಗೆ ತಾನೇ ಹೇಳಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವಳು ಪಾದ ಎರಡನ್ನೂ ಕುರ್ಚಿಯ ಕೆಳಗೆ ಎಳೆದುಕೊಂಡಿದ್ದಳು.

"ಚಪ್ಪಲಿ ಬಿಡೇ."

"ನಂದೇನಿಲ್ಲ ಕಣ್ರೀ. ಮೊದ್ಲು ನಿಮ್ದಾಗ್ಲಿ."

"ಬಿಡೇ ಅಂದೆ!"

ಡಾಕ್ಟರಮ್ಮನೇ ಬಗ್ಗಿ ಚಪ್ಪಲಿ ತೆಗೆದಳು. ಒಂದು ಪಾದ ನೋಡಿದಳು, ಇನ್ನೊಂದೂ ನೋಡಿದಳು. ತಲೆ ಎತ್ತದೆಯೇ ನರ್ಸಿಗೆ, "ಇವ್ರಿಗೂ ಒಂದು ಹಾಸಿಗೆ ನೋಡಿ" ಎಂದಳು.

ಮಿಂಚಣ್ಣ ಹಣೆ ಹಣೆ ಚಚ್ಚಿಕೊಂಡು ಅತ್ತ. ಹೆಂಡತಿ ಅವನ ಕೈ ಹಿಡಿದುಕೊಂಡಳು.

"ನನ್ನ ಪಾದಕ್ಕೂ ತೂತು ಬಿದ್ದಿದ್ದು ನಾನು ಮೊದಲೇ ನೋಡಿದ್ದೆ ಕಣ್ರೀ," ಎಂದಳು. "ಹೇಳಿದ್ರೆ ನೀವು ಕಾಲು ತೊಳೆಯೋದು ನಿಲ್ಲಿಸಿಬಿಡ್ತಿದ್ರಿ."