ಹತ್ತು ಮಂದಿಯ ಆಟ

ಭಾನುವಾರ ಅಕ್ಕಿ ಗಿರಣಿಗೆ ರಜೆ. ಹಮಾಲಿ ಮಾಳಿಂಗಪ್ಪ ಊಟ ಮುಗಿಸಿದವನೇ ಸಿಂಧನೂರಿನ ಮೈದಾನಕ್ಕೆ ಹೋಗಿ ಗೆರೆಯ ಪಕ್ಕ ಕುಳಿತ. ಲಿಂಗಸುಗೂರಿನವರ ಮೇಲೆ ಫುಟ್‌ಬಾಲ್ ಪಂದ್ಯ. ಊರ ತಂಡದಲ್ಲಿ ಅವನ ಮಗ ಯಂಕೋಬನಿದ್ದ. ಸೈಕಲ್ ರಿಪೇರಿ ಅಂಗಡಿಯ ಹುಸೇನಪ್ಪ ಕ್ಯಾಪ್ಟನ್.

"ಹುಸೇನಪ್ಪ ಇರೋತನ ನಮಗೇನ್ ಅಂಜಿಕಿ ಇಲ್ಲ ಬಿಡು," ಎಂದು ಮಾಳಿಂಗಪ್ಪ ಪಕ್ಕದ ಅಮರಗುಂಡಪ್ಪನಿಗೆ ಹೇಳಿದ.

ಎರಡೂ ಕಡೆ ಒಂದೊಂದು ಗೋಲಾಗಿತ್ತು. ಚೆಂಡಿಗೆಂದು ಹಾರಿದ ಯಂಕೋಬನ ತಲೆ ಗೋಲಿನ ಕಂಬಕ್ಕೆ ಬಡಿಯಿತು. ಎದ್ದು ನಿಂತು ನಕ್ಕ. ಹುಸೇನಪ್ಪ ಅವನ ಗದ್ದ ಹಿಡಿದು ಕಣ್ಣು ನೋಡಿದ. ಹೊರಗೆ ಹೋಗೆಂದು ಕೈ ತೋರಿದ. ಬದಲಿ ಆಟಗಾರರೆಲ್ಲ ಆಗಲೇ ಇಳಿದಾಗಿತ್ತು, ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ಹತ್ತೇ ಮಂದಿ ಆಡಿದರು. ಕೊನೆಗಳಿಗೆಯಲ್ಲಿ ಸೋತರು.

ಮಾಳಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. "ರೊಕ್ಕಕ್ಕ ಮಾರಿಕೊಂಡಾನಲೇ ಕ್ಯಾಪ್ಟನ್! ನನ್ನ ಮಗನ್ನ ಬೇಕಂತ ಹೊರಗ ಹಾಕ್ಯಾನ!"

ಆ ಕೂಗನ್ನು ಮೈದಾನವೆಲ್ಲ ಎತ್ತಿಕೊಂಡಿತು. ಮಣ್ಣಿನ ಹೆಂಟೆಗಳು ಹಾರಿದವು, ಮೊದಲನೆಯದು ಮಾಳಿಂಗಪ್ಪನದೇ. ಹುಸೇನಪ್ಪ ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಹೋದ.

ಮನೆಯ ದಾರಿಯಲ್ಲಿ ಯಂಕೋಬ ಎರಡು ಸಲ ವಾಂತಿ ಮಾಡಿದ. ಹಿಡಿದುಕೊಂಡ ಅಪ್ಪನನ್ನೇ "ನೀವ್ಯಾರ್ರೀ?" ಎಂದು ಕೇಳಿದ. ಮಾಳಿಂಗಪ್ಪ ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ.

"ಇನ್ನೊಂದು ಪೆಟ್ಟು ಬಿದ್ದಿದ್ರ ಹುಡುಗ ಉಳೀತಿದ್ದಿಲ್ಲ," ಎಂದರು ಡಾಕ್ಟರು. "ಆಟ ಬಿಡಿಸಿದವ ಯಾರು? ಶಾಣ್ಯಾ ಅದಾನ."



ಮೂರನೆಯ ದಿನ ಹೆಂಡತಿ ಕರೆಮ್ಮ ಮಗನಿಗೆ ಗಂಜಿ ಕುಡಿಸುತ್ತ ಅಂದಳು: "ಹುಸೇನಪ್ಪ ಮಾರಿಕೊಂಡಾನ ಅಂತ ಊರೆಲ್ಲಾ ಹಬ್ಬೈತಿ. ಅವನ ಅಂಗಡಿಗೆ ಪಂಚರ್ ಹಾಕಸಾಕೂ ಯಾರೂ ಹೋಗವಲ್ರಂತ. ಯಾವನ ನಾಲಿಗಿನೋ ಏನೋ!"

ಮಾಳಿಂಗಪ್ಪ ಎದ್ದು ನೇರ ಸೈಕಲ್ ಅಂಗಡಿಗೆ ನಡೆದ.

"ತಪ್ಪಾತಪಾ, ಹುಸೇನಪ್ಪ."

"ಯಂಕೋಬ ಹೆಂಗದಾನ್ರೀ ಕಾಕಾ?"

"ಆರಾಮ ಅದಾನ. ನೀ ಉಳಿಸಿದಿ. ನಾ ನಿನಗ…"

ಹುಸೇನಪ್ಪ ಕೈಯ ಎಣ್ಣೆ ಒರೆಸಿಕೊಂಡ. "ಇಲ್ಲಿ ನನ್ನೊಬ್ಬನ ಮುಂದ ಅಂದ್ರ ಏನ್ ಬಂತ್ರೀ? ಅವತ್ತು ನೀವು ಒದರಿದ್ದು ಊರ ಮುಂದ."

ಮಾಳಿಂಗಪ್ಪ ಸಂಜೆಯವರೆಗೂ ಎಲ್ಲೆಲ್ಲೋ ಸುತ್ತಾಡಿದ. ಕಡೆಗೆ ನನ್ನೇಸಾಬನ ಚಹಾದ ಅಂಗಡಿ ಹೊಕ್ಕ. ಪಂದ್ಯ ನೋಡಿದವರೇ ತುಂಬಿದ್ದರು.

"ಹುಸೇನಪ್ಪ ಮಾರಿಕೊಂಡಿಲ್ಲ," ಎಂದ. "ಸುಳ್ಳು ಹುಟ್ಟಿಸಿದವ ನಾನು. ಮೊದಲ ಹೆಂಟಿ ಒಗದವನೂ ನಾನೇ. ಅವ ನನ್ನ ಮಗನ ಜೀವ ಉಳಿಸ್ಯಾನ."

ಅಮರಗುಂಡಪ್ಪ ಬಸಿಗೆ ಸುರಿದುಕೊಂಡ ಚಹಾ ಊದುತ್ತ ಕೇಳಿದ: "ಯಾಕ್ಲೇ, ನಿನಗೂ ಪಾಲು ಮುಟ್ಟೇತೇನು?"

ಎಲ್ಲರೂ ಗೊಳ್ಳೆಂದು ನಕ್ಕರು. ಮಾಳಿಂಗಪ್ಪನ ಮುಖ ಸುಟ್ಟಂತಾಯಿತು. ಹುಸೇನಪ್ಪನ ಮೂರು ದಿನ ಹೇಗೆ ಕಳೆದಿರಬೇಕೆಂದು ಆಗ ಅವನಿಗೆ ತಿಳಿಯಿತು. ಬಾಗಿಲು ಎರಡೇ ಹೆಜ್ಜೆ ದೂರವಿತ್ತು. ಅವನು ಹೊರಡಲಿಲ್ಲ. ಅಮರಗುಂಡಪ್ಪನ ಎದುರಿನ ಬೆಂಚಿನ ಮೇಲೆ ಕುಳಿತು, ಮತ್ತೆ ಮೊದಲಿನಿಂದ ಹೇಳತೊಡಗಿದ.