ಅಂಚಿನಲ್ಲಿ ಬರೆದ ಒಂದು ಸಾಲು

ಮಾರುಕಟ್ಟೆ ಕಚೇರಿಯ ಹೆಡ್ ಕ್ಲಾರ್ಕಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಕಡತಪ್ಪ. ನಿವೃತ್ತಿಗೆ ಇನ್ನು ಹನ್ನೊಂದು ದಿನವಿತ್ತು. ಅಷ್ಟು ದಿನ ಯಾರೂ ತಲೆ ತಿನ್ನದಿದ್ದರೆ ಸಾಕು ಎಂದುಕೊಂಡಿದ್ದವನ ಕಿಟಕಿಗೆ ಬೀಗ ರಿಪೇರಿಯವನ ಮಗಳು ಬಂದು ನಿಂತಳು. ಅವಳ ಅಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು.

“ಅಪ್ಪನ ಮಳಿಗೆ ನನ್ನ ಹೆಸರಿಗೆ ಮಾಡಿಕೊಡಿ ಸಾರ್. ಹತ್ತು ವರ್ಷದಿಂದ ಅವರ ಜೊತೆ ನಾನೇ ಕೆಲಸ ಮಾಡಿದ್ದು.”

“ಗಂಡುಮಕ್ಕಳಿಲ್ವೇನಮ್ಮ?”

“ಇಲ್ಲ.”

“ಹಾಗಾದ್ರೆ ಮಳಿಗೆ ವಾಪಸ್ಸು ಕಚೇರಿಗೆ. ಮಗನಿಗೆ ಮಾತ್ರ ಅಂತ ಕಾನೂನು. ನಾನೇನು ಮಾಡ್ಲಿ, ಹೇಳು?”

ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಹೇಳುವಾಗ ತಲೆ ಎತ್ತುವುದನ್ನೂ ಬಿಟ್ಟಿದ್ದ. ಬಂದವರು ಅತ್ತು ಹೋಗುತ್ತಿದ್ದರು, ಇಲ್ಲವೇ ಶಾಪ ಹಾಕಿ ಹೋಗುತ್ತಿದ್ದರು. ಇವಳು ಜಗ್ಗಲಿಲ್ಲ.

“ಆ ಪುಸ್ತಕ ತೆಗೆದು ಒಂದ್ಸಲ ಓದಿ ಸಾರ್. ಕೇಳಿಕೊಂಡು ಹೋಗ್ತೀನಿ.”

ಇದೊಳ್ಳೆ ಪೀಕಲಾಟವಾಯಿತಲ್ಲ ಎಂದು ಗೊಣಗುತ್ತಾ ಎದ್ದ. ಮಂಡಿನೋವು ಬೇರೆ. ನಿಯಮದ ಪುಸ್ತಕ ಬೀರುವಿನ ಮೇಲೆ, ಕೆಟ್ಟ ಫ್ಯಾನಿನ ಅಡಿಯಲ್ಲಿ ಸಿಕ್ಕಿತು. ಆ ಕಚೇರಿಯಲ್ಲಿ ಪುಸ್ತಕ ಓದುವ ರೂಢಿಯೇ ಇರಲಿಲ್ಲ. ಹಳೆಯ ಕಡತ ನೋಡಿ ಹೊಸ ಕಡತ ಬರೆಯುವುದು, ಹೆಡ್ ಕ್ಲಾರ್ಕ್ ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಾಹೇಬರು ಸಹಿ ಹಾಕುವುದು, ಇಷ್ಟೇ. ಸಾಹೇಬರು ಎಷ್ಟೋ ಮಂದಿ ಬಂದುಹೋದರು, ಪೆನ್ಸಿಲ್ ಗುರುತು ಮಾತ್ರ ಹೋಗಲಿಲ್ಲ.

ಪುಟ ಸಿಕ್ಕಿತು. “ತೀರಿಕೊಂಡವರ ಜೊತೆ ದುಡಿಯುತ್ತಿದ್ದ ಮನೆಯವರಿಗೆ ಮಳಿಗೆ ಕೊಡತಕ್ಕದ್ದು.” ಮಗ ಎಂಬ ಮಾತೇ ಇಲ್ಲ. ಪಕ್ಕದ ಅಂಚಿನಲ್ಲಿ ಮಾತ್ರ ನೀಲಿ ಶಾಯಿಯಲ್ಲಿ, “ಎಂದರೆ ಮಗನಿಗೆ” ಎಂದಿತ್ತು. ಅಕ್ಷರ ಅವನದೇ. ಅವನು ಕೆಲಸಕ್ಕೆ ಸೇರಿದ ವರ್ಷ ಬಂದ ಮೊದಲ ಅರ್ಜಿದಾರ ಸತ್ತವನ ಮಗನಾಗಿದ್ದ. ನೆನಪಿಗಿರಲಿ ಅಂತ ಬರೆದುಕೊಂಡಿದ್ದ. ಅದನ್ನು ನೋಡಿ ಒಂದು ಕಡತ, ಆ ಕಡತ ನೋಡಿ ಇನ್ನೊಂದು. ಹೀಗೇ ಮೂವತ್ತನಾಲ್ಕು ವರ್ಷ ಕಳೆದಿತ್ತು.

ಎಷ್ಟು ಹೆಂಗಸರು ವಾಪಸ್ಸು ಹೋದರೆಂದು ಎಣಿಸುವ ಧೈರ್ಯವಾಗಲಿಲ್ಲ. ಬೇಡವೆಂದರೂ ಒಬ್ಬಳ ಮುಖ ಕಣ್ಣಮುಂದೆ ಬಂತು. ಅಪ್ಪನ ಜೊತೆ ತಾನೂ ದುಡಿದಿದ್ದ ಗಡಿಯಾರ ರಿಪೇರಿ ಮಳಿಗೆಗಾಗಿ ಇದೇ ಕಿಟಕಿಯಲ್ಲಿ ನಿಂತಿದ್ದ ಅವನ ಸ್ವಂತ ಅಕ್ಕ. ಮಗನೆಂದರೆ ಇವನೊಬ್ಬನೇ, ಕಚೇರಿಯ ನೌಕರನಾದ್ದರಿಂದ ಇವನಿಗೆ ಮಳಿಗೆ ಬರುವಂತಿರಲಿಲ್ಲ. “ಕಾನೂನು ಅಕ್ಕಾ,” ಎಂದು ಕೈತೊಳೆದುಕೊಂಡಿದ್ದ. ಅವಳು ಅಂದಿನಿಂದ ತಮ್ಮನ ಮನೆಯ ಅಡುಗೆಮನೆ ಸೇರಿದ್ದಳು.

ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ ಕಡತ ಬರೆದ. ಮಳಿಗೆ ಮಗಳಿಗೆ ಕೊಡಬಹುದೆಂದು ಬರೆದು, ಕೆಳಗೆ ಪೆನ್ಸಿಲ್ ಗುರುತು ಹಾಕಿ, ಸಾಹೇಬರ ಮುಂದಿಟ್ಟ.

“ಮಾಮೂಲಿನ ಹಾಗೇ ತಾನೇ?” ಎಂದರು ಅವರು, ಮೊಬೈಲಿನಿಂದ ಕಣ್ಣು ತೆಗೆಯದೆ.

“ಪುಸ್ತಕದಲ್ಲಿರೋ ಹಾಗೆ ಸಾರ್.”

ಸಾಹೇಬರು ಗುರುತಿದ್ದಲ್ಲಿ ಸಹಿ ಹಾಕಿದರು.

ಸಂಜೆ ಮನೆಗೆ ಹೋದಾಗ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. “ಕಾನೂನಲ್ಲಿ ಹಾಗಿರಲೇ ಇಲ್ಲ ಅಕ್ಕಾ. ನಾನೇ ಬರೆದಿದ್ದು ಅದು. ಪುಸ್ತಕ ಓದಿ ಅಂತ ಆ ಹುಡುಗಿ ಕೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.”

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಚಿ ಮುಗಿಸಿದಳು. ಅದು ಅವನದೇ ಅಂಗಿ.

“ಅವಳಿಗೆ ಸಿಕ್ತಲ್ಲ, ಬಿಡು,” ಎಂದಳು. ಆಮೇಲೆ ಇನ್ನೊಂದು ಬಟ್ಟೆ ಎತ್ತಿಕೊಂಡು, “ಓದು ಅಂತ ಅವತ್ತು ನಾನೂ ಕೇಳಿದ್ದೆ ಕಣೋ,” ಎಂದಳು.

ಅವನಿಗೆ ಅದು ನೆನಪೇ ಇರಲಿಲ್ಲ.